ಎಂಟು ಲೋಕಗಳಲ್ಲಿ ಒಂದೇ ಹಾಡು

ದಕ್ಷಿಣ ಕೊರಿಯಾದ ಗಾಯಕ ಸೈ ಹಾಡಿದ 'ಗಂಗ್ನಮ್ ಸ್ಟೈಲ್' 2012ರ ಜುಲೈ 15ರಂದು ಯೂಟ್ಯೂಬ್‌ಗೆ ಬಂತು. ಡಿಸೆಂಬರ್ 21ರ ಹೊತ್ತಿಗೆ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಅದಾಗಿತ್ತು. ಗೆದ್ದ ಮೇಲೆ ಕಾರಣಗಳಿಗೇನು ಬರ? ಕುದುರೆ ಸವಾರಿಯ ಆ ಕುಣಿತವನ್ನು ಯಾರು ಬೇಕಾದರೂ ಕುಣಿಯಬಹುದು, ಭಾಷೆ ಬಾರದವರಿಗೂ ನಗು ಬರುತ್ತದೆ ಎಂದರು. ನಿಜವೇ. ಆದರೆ ಇದೇ ಗುಣಗಳಿದ್ದೂ ಯಾರ ಕಣ್ಣಿಗೂ ಬೀಳದ ವಿಡಿಯೊಗಳನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಗೆದ್ದದ್ದು ಗೆಲ್ಲಲೇಬೇಕಿತ್ತೇ ಎಂದು ತಿಳಿಯಬೇಕಾದರೆ ಕಾಲವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಓಡಿಸಿ ನೋಡಬೇಕು.

ಸಂಶೋಧಕರಾದ ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಹೆಚ್ಚುಕಡಿಮೆ ಅದನ್ನೇ ಮಾಡಿದರು. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಯೋಗ ನನಗೆ ಇಂದಿಗೂ ಬೆರಗು. ಹೆಸರು ಮಾಡಿರದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಕೇಳಿ, ಇಷ್ಟವಾದರೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಕೆಲವರಿಗೆ ತಂಡದ ಮತ್ತು ಹಾಡಿನ ಹೆಸರಷ್ಟೇ ಕಾಣುತ್ತಿತ್ತು. ಉಳಿದವರನ್ನು ಎಂಟು 'ಲೋಕ'ಗಳಿಗೆ ಹಂಚಿ, ಅವರವರ ಲೋಕದಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಎಂಬುದನ್ನೂ ತೋರಿಸಿದರು. ಎಲ್ಲ ಲೋಕಗಳೂ ಸೊನ್ನೆಯಿಂದಲೇ ಶುರು.

ಎಂಟರಲ್ಲೂ ಹಿಟ್ ಪಟ್ಟಿ ಬೇರೆ ಬೇರೆಯಾಗಿ ಬೆಳೆಯಿತು. '52ಮೆಟ್ರೊ' ತಂಡದ 'ಲಾಕ್‌ಡೌನ್' ಎಂಬ ಹಾಡು ಸಂಖ್ಯೆ ಕಾಣದೆ ಕೇಳಿದವರ ತೀರ್ಪಿನಲ್ಲಿ 26ನೆಯದು. ಅದೇ ಹಾಡು ಒಂದು ಲೋಕದಲ್ಲಿ ಮೊದಲನೆಯದು, ಇನ್ನೊಂದರಲ್ಲಿ 40ನೆಯದು! ಬಹಳ ಒಳ್ಳೆಯವು ಪೂರ್ತಿ ನೆಲಕಚ್ಚಿದ್ದು ಅಪರೂಪ, ತೀರಾ ಕಳಪೆಯವು ಮೇಲೇರಿದ್ದೂ ಅಪರೂಪ. ನಡುವಿನವುಗಳ ಪಾಡು ಮಾತ್ರ ಹೇಳಲಾಗದು. ಮೊದಮೊದಲು ಬಂದವರ ಆಯ್ಕೆ ಆಕಸ್ಮಿಕ. ಅವರು ಏರಿಸಿದ ಸಂಖ್ಯೆ ಕಂಡು ಮುಂದಿನವರು ಅದೇ ಹಾಡಿಗೆ ಕಿವಿಗೊಡುತ್ತಾರೆ, ಸಂಖ್ಯೆ ಇನ್ನಷ್ಟು ಏರುತ್ತದೆ. ಹಾಡುಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿದಾಗಲಂತೂ ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಮತ್ತೂ ಹಿಗ್ಗಿತು. ಇಂದಿನ 'ಟ್ರೆಂಡಿಂಗ್' ಪಟ್ಟಿಗಳೂ ಹೆಚ್ಚುಕಡಿಮೆ ಇದೇ ಬಗೆಯ ಜೋಡಣೆ. ಒಳ್ಳೆಯ ರೀಲ್ಸ್ ಮಾಡಿಯೂ ನೋಡುಗರಿಲ್ಲದೆ ತಮ್ಮ ಪ್ರತಿಭೆಯನ್ನೇ ಶಂಕಿಸುವ ಹುಡುಗ ಹುಡುಗಿಯರಿಗೆ ಈ ಪ್ರಯೋಗದ ಕತೆಯನ್ನು ಯಾರಾದರೂ ಹೇಳಬೇಕು.

2008ರಲ್ಲಿ ಸಲ್ಗಾನಿಕ್ ಮತ್ತು ವಾಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಟ್ಟಿಯನ್ನೇ ತಲೆಕೆಳಗು ಮಾಡಿ, ಕೊನೆಯ ಹಾಡನ್ನು ಮೊದಲನೆಯದೆಂದು ತೋರಿಸಿದರು. ಎಷ್ಟೋ ಹಾಡುಗಳಿಗೆ ಆ ಸುಳ್ಳು ಜನಪ್ರಿಯತೆಯೇ ನಿಜವಾಯಿತು. ಅತ್ಯುತ್ತಮ ಹಾಡುಗಳು ನಿಧಾನವಾಗಿ ಮತ್ತೆ ಮೇಲಕ್ಕೆ ಬಂದವು. ಆದರೆ ಒಟ್ಟು ಡೌನ್‌ಲೋಡ್‌ಗಳ ಸಂಖ್ಯೆಯೇ ಇಳಿದುಹೋಗಿತ್ತು.