ಸ್ವಲ್ಪ ಬೆಳ್ಳಗೆ ಮಾಡ್ಲಾ ಮೇಡಂ?

ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಹೆಸರು ಕೊಡಲು ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕಿತ್ತು. ಯುಗಾದಿಗೆ ಊರಿಗೆ ಹೋದಾಗ ತೆಗೆಸೋಣ ಅಂತ ಸ್ಟುಡಿಯೊಗೆ ಹೋದೆ. ಫೋಟೊ ತೆಗೆದ ಅಣ್ಣ ಕಂಪ್ಯೂಟರ್ ಮುಂದೆ ಕೂತು, ‘ಸ್ವಲ್ಪ ಬೆಳ್ಳಗೆ ಮಾಡ್ಲಾ ಮೇಡಂ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೌಸ್ ಓಡಿತ್ತು. ಎರಡೇ ನಿಮಿಷದಲ್ಲಿ ಎಂಟು ಪ್ರತಿ ಕೈಗೆ ಬಂದವು.

ಮನೆಯಲ್ಲಿ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, ‘ಇದ್ಯಾರೇ ಈ ಹುಡುಗಿ? ಲಕ್ಷಣವಾಗಿದ್ದಾಳೆ’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ.

ಕಪ್ಪು ಅನ್ನಿಸಿಕೊಳ್ಳುವುದು ನನಗೆ ಹೊಸದಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಚಿಕ್ಕಮ್ಮನ ಮಗಳು ರೇಷ್ಮೆ ಸೀರೆ ಉಟ್ಟು ಬಂದರೆ ‘ಸಾಕ್ಷಾತ್ ಲಕ್ಷ್ಮಿ’ ಅನ್ನುತ್ತಾರೆ. ನನ್ನ ಪಾಲಿಗೆ ಬರುವುದು ‘ಇವಳು ಓದಿನಲ್ಲಿ ಜೋರು’. ನಮ್ಮ ದೇವರ ಮನೆಯ ಗೋಡೆಯ ಮೇಲೊಬ್ಬ ಲಕ್ಷ್ಮಿ ಇದ್ದಾಳೆ. ತಾವರೆಯ ಮೇಲೆ ನಿಂತವಳು, ನಾಲ್ಕು ಕೈ, ಪಕ್ಕದಲ್ಲಿ ಆನೆ, ಬೆಳ್ಳನೆ ದುಂಡು ಮುಖ. ನನಗೆ ಬುದ್ಧಿ ಬಂದಾಗಿನಿಂದ ಲಕ್ಷ್ಮಿ ಅಂದರೆ ಅದೇ ಮುಖ.

ಚಿತ್ರಕಲೆ ಓದುತ್ತಿರುವ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ಅವಳು ಸಮಾಧಾನ ಮಾಡಲಿಲ್ಲ, ಮೊಬೈಲ್‌ಗೆ ಒಂದು ಚಿತ್ರ ಕಳಿಸಿದಳು. ನೋಡಿದರೆ ನಮ್ಮ ಗೋಡೆಯ ಅದೇ ಲಕ್ಷ್ಮಿ, ಅದೇ ಭಂಗಿ! ಆದರೆ ಅದು ಫೋಟೊ. ತಾವರೆಯ ಮೇಲೆ ನಿಂತಿದ್ದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್.

ಅವರು ಕಲಿತದ್ದು ಶಿಲ್ಪಕಲೆ. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಸರಣಿ ಮಾಡಿದರು. ನಾವು ನೋಡಿ ನೋಡಿ ಒಗ್ಗಿಹೋದ ಹೆಣ್ಣಿನ ಚಿತ್ರಗಳನ್ನು ಆರಿಸಿಕೊಂಡು, ಹಿಂದೆ ಬಣ್ಣದ ಪರದೆ ಕಟ್ಟಿಸಿ, ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ನಾಟಕದ ಸೀನರಿಯಂಥ ಆ ಪರದೆ ಕಂಡಾಗಲೇ ನನಗೆ ಹೊಳೆದದ್ದು: ಗೋಡೆಯ ಮೇಲಿನ ಲಕ್ಷ್ಮಿಯನ್ನೂ ಯಾರೋ ಒಬ್ಬರು ಕೂತು ಬರೆದಿದ್ದಾರೆ!

ಬರೆದವರು ರಾಜಾ ರವಿವರ್ಮ. ನಿಜವಾದ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡು ಪುರಾಣದ ಹೆಣ್ಣುಗಳನ್ನು ಬಿಡಿಸಿದವರು. ಅವರ ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈಗಲೂ ನೋಡಬಹುದು. 1894ರಲ್ಲಿ ಅವರು ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಮೆಕ್ಯಾನಿಕಲ್ ವಿದ್ಯಾರ್ಥಿನಿಯಾದ ನನಗೆ ಈ ತಂತ್ರ ಬಹಳ ಹಿಡಿಸಿತು. ಗುಡಿಯ ಹೊಸ್ತಿಲು ದಾಟಲು ಬಿಡದಿದ್ದವರ ಮನೆಗೂ ದೇವರು ಬಂದದ್ದು ಇಂಥ ಅಗ್ಗದ ಚಿತ್ರಗಳಿಂದಲೇ. ಅದಕ್ಕೇ ರವಿವರ್ಮನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದೇ ಮುಖ ಸಾವಿರಾರು ಗೋಡೆ ಏರಿದಾಗ ಅದೇ ಅಳತೆಗೋಲೂ ಆಗಿಬಿಟ್ಟಿತು.

ಪುಷ್ಪಮಾಲಾ ಅವರ ಅದೇ ಸರಣಿಯ ಇನ್ನೊಂದು ಫೋಟೊ ನನ್ನನ್ನು ಇನ್ನಷ್ಟು ಕಾಡಿತು. ಬ್ರಿಟಿಷರ ಕಾಲದಲ್ಲಿ ಬುಡಕಟ್ಟು ಜನರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ, ಮೈ ಅಳೆದು ಫೋಟೊ ತೆಗೆಯುತ್ತಿದ್ದರು. ಆ ಜಾಗದಲ್ಲೂ ಪುಷ್ಪಮಾಲಾ ತಾವೇ ನಿಂತಿದ್ದಾರೆ. ನನಗೆ ಗ್ರಾಫ್ ಶೀಟ್ ನೆನಪಾಯಿತು. ಇಪ್ಪತ್ತು ವರ್ಷ ನಾನೂ ಹಾಗೇ ನಿಂತಿದ್ದೆನಲ್ಲ! ಅಳೆಯುವವರು ನನ್ನವರೇ, ಎದುರಿಗಿದ್ದ ಅಳತೆ ಆ ಕ್ಯಾಲೆಂಡರ್ ಲಕ್ಷ್ಮಿ.

ಹಬ್ಬದ ದಿನ ಊರ ಗುಡಿಗೆ ಹೋದೆವು. ಗರ್ಭಗುಡಿಯಲ್ಲಿರುವ ನಮ್ಮ ಅಮ್ಮ ಕೃಷ್ಣಶಿಲೆಯವಳು. ಎಣ್ಣೆ ಹಚ್ಚಿದ ಮೈ ದೀಪದ ಬೆಳಕಿಗೆ ಕಪ್ಪಗೆ ಮಿನುಗುತ್ತಿತ್ತು. ವರ್ಷವರ್ಷವೂ ಕೈ ಮುಗಿದಿದ್ದೇನೆ, ಅವಳ ಬಣ್ಣ ನೋಡಿದ್ದು ಅವತ್ತೇ. ‘ಸಾಕ್ಷಾತ್ ಲಕ್ಷ್ಮಿ’ ಅನ್ನುವ ಚಿಕ್ಕಮ್ಮನೂ ನನ್ನ ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದರು.

ಮರುದಿನ ಮತ್ತೆ ಸ್ಟುಡಿಯೊಗೆ ಹೋದೆ. ‘ಅಣ್ಣಾ, ಮೊದಲು ತೆಗೆದಿದ್ರಲ್ಲ, ಅದೇ ಕೊಡಿ’ ಅಂದೆ. ‘ಅದರಲ್ಲಿ ಕಪ್ಪಾಗಿ ಬಂದಿದೀರಲ್ಲ ಮೇಡಂ’ ಅಂದರು ಪಾಪ, ಕಾಳಜಿಯಿಂದಲೇ. ‘ನಾನಿರೋದೇ ಹಾಗೆ’ ಅಂದೆ. ಪುಣ್ಯಕ್ಕೆ ಡಿಲೀಟ್ ಮಾಡಿರಲಿಲ್ಲ. ಮತ್ತೆ ಎಂಟು ಪ್ರತಿಗೆ ದುಡ್ಡು ಕೊಟ್ಟೆ.

ಈ ಫೋಟೊಗೆ ಕೆಲಸ ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಇಂಟರ್‌ವ್ಯೂ ಕೋಣೆಗೆ ಹೋಗುವವಳು, ಫೋಟೊದಲ್ಲಿರುವವಳು ಒಬ್ಬಳೇ ಅನ್ನುವ ಧೈರ್ಯವಂತೂ ಇದೆ.

ಮನೆಗೆ ಬಂದು ಅಜ್ಜಿಯ ಕೈಗೆ ಒಂದು ಪ್ರತಿ ಕೊಟ್ಟೆ. ಈ ಸಲ ಅವಳು ಕನ್ನಡಕವನ್ನೂ ಹುಡುಕಲಿಲ್ಲ. ‘ನಮ್ಮ ಹುಡುಗಿ’ ಅಂದಳು.