ಹಡಗಿನ ಪಟ್ಟಿಯಲ್ಲಿ ಮನೆತನದ ಬೇರು

ಎತ್ತಿನ ಮೇಲೆ ಕುಳಿತು ಮನೆಮನೆಗೆ ಬರುವ ಹೆಳವರನ್ನು ವಾಚಕರು ಬಲ್ಲರು. ಅಂಗಳದಲ್ಲಿ ನಿಂತು ಅಜ್ಜ, ಮುತ್ತಜ್ಜ, ಅವರ ಹಿಂದಿನವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಮನೆತನದ ಮೂಲದ ಊರನ್ನೂ ತಿಳಿಸಿ, ಕಾಳುಕಡಿ ಪಡೆದು ಮುಂದೆ ಸಾಗುವುದು ಅವರ ವೃತ್ತಿ. ಆದರೆ ಕಡಲು ದಾಟಿ ಹೋದವರ ಮೊಮ್ಮಕ್ಕಳ ಬಾಗಿಲಿಗೆ ಯಾವ ಹೆಳವನೂ ಹೋಗಲಾರ. ಅಂಥವರ ಪಾಲಿಗೆ ಹೆಳವರ ಹೊತ್ತಿಗೆಯಾಗಿ ಉಳಿದಿರುವುದು ಹಳೆಯ ಹಡಗುಗಳ ಪ್ರಯಾಣಿಕರ ಪಟ್ಟಿ.

ದಕ್ಷಿಣ ಆಫ್ರಿಕದ ನೇಟಾಲ್ ವಸಾಹತಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಒಯ್ಯುವುದು 1860ರಲ್ಲಿ ಮೊದಲಾಯಿತು. ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗು ಆ ವರ್ಷದ ನವೆಂಬರ್ 16ರಂದು ಡರ್ಬನ್ ಬಂದರನ್ನು ಸೇರಿತು. 1911ರಲ್ಲಿ ಈ ಪದ್ಧತಿ ಅಲ್ಲಿ ನಿಲ್ಲುವ ವೇಳೆಗೆ 1,52,184 ಜನ ಹೋಗಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮದರಾಸಿನಲ್ಲಿ, ಉಳಿದವರು ಕಲಕತ್ತೆಯಲ್ಲಿ ಹಡಗನ್ನೇರಿದವರು. ಮೊದಮೊದಲು ಹಾಯಿಹಡಗುಗಳೂ ಅನಂತರ ‘ಉಮ್ಲಾಜಿ’, ‘ಉಮ್ಜಿಂಟೊ’ ಮೊದಲಾದ ಉಗಿಹಡಗುಗಳೂ ಇವರನ್ನು ಸಾಗಿಸಿದವು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು.

ಪ್ರತಿ ಹಡಗಿಗೂ ಒಂದು ಪಟ್ಟಿ. ಪ್ರತಿ ಮನುಷ್ಯನಿಗೂ ಒಂದು ಸಂಖ್ಯೆ. ಸಂಖ್ಯೆಯ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಎತ್ತರ, ಮೈಮೇಲಿನ ಗುರುತು. ದುಡಿಯುವ ಆಳನ್ನು ಗುರುತು ಹಿಡಿಯಲೆಂದು ಬರೆದ ಲೆಕ್ಕವಿದು. ಇಂದು ಅದೇ ಲೆಕ್ಕ ಮೊಮ್ಮಕ್ಕಳಿಗೆ ಊರಿನ ದಾರಿಯನ್ನು ತೋರಿಸುತ್ತಿದೆ.

ಹಲವು ವರ್ಷಗಳ ಹಿಂದೆ ಡರ್ಬನ್ನಿನಿಂದ ಬಂದ ವೃದ್ಧರೊಬ್ಬರು ನಮ್ಮನ್ನು ಕಂಡರು. ಅಜ್ಜನ ಊರು ‘ಆಲೂರು’ ಎಂಬುದಷ್ಟೇ ಅವರ ಮನೆಯಲ್ಲಿ ಉಳಿದಿದ್ದ ನೆನಪು. ಆಲೂರೆಂದರೆ ಹಾಸನ ಜಿಲ್ಲೆಯದೇ ಎಂದು ನಾವು ಹಿಂದುಮುಂದು ನೋಡದೆ ಹೇಳಿಬಿಟ್ಟೆವು. ಅವರು ಅಲ್ಲಿಗೆ ಹೋಗಿ, ನಾಲ್ಕು ದಿನ ವಿಚಾರಿಸಿ, ಬರಿಗೈಯಲ್ಲಿ ಮರಳಿದರು. ಎರಡು ವರ್ಷಗಳ ಬಳಿಕ ಅವರ ಮಗಳು ಹಡಗಿನ ಪಟ್ಟಿಯ ಪ್ರತಿಯೊಂದನ್ನು ಕಳುಹಿಸಿದರು. ಅದರಲ್ಲಿ ಜಿಲ್ಲೆ ಬಳ್ಳಾರಿ, ತಾಲ್ಲೂಕು ಆಲೂರು, ಅದರ ಮುಂದೆ ಬೇರೊಂದು ಹಳ್ಳಿಯ ಹೆಸರು! ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಆಂಧ್ರಕ್ಕೆ ಸೇರಿದವು. ಇದು ನಾವು ಅರಿಯದ ಸಂಗತಿಯೇನಲ್ಲ. ಆದರೂ ಅಂದು ತೋಚಲಿಲ್ಲ. ಮಗಳು ಬಂದು ಆ ಹಳ್ಳಿಯನ್ನು ಕಂಡರು. ತಂದೆ ಆ ವೇಳೆಗೆ ತೀರಿಕೊಂಡಿದ್ದರು. ನಾವು ತಪ್ಪನ್ನು ಒಪ್ಪಿಕೊಂಡಾಗ, ಊರಾದರೂ ಸಿಕ್ಕಿತಲ್ಲ ಎಂದು ಆಕೆಯೇ ನಮ್ಮನ್ನು ಸಮಾಧಾನಪಡಿಸಿದರು.

ಆದುದರಿಂದ ಇಂಥ ಶೋಧಕ್ಕೆ ತೊಡಗುವವರು ಆತುರಪಡಬಾರದು. ಹಿರಿಯರಿಂದ ಕೇಳಿದ್ದನ್ನು ಮೊದಲು ಬರೆದಿಡಬೇಕು. ಮನೆಯ ಹಳೆಯ ಕಾಗದಗಳಲ್ಲಿ ವಲಸೆಯ ಸಂಖ್ಯೆ ದೊರೆತರೆ ಅರ್ಧ ಕೆಲಸ ಮುಗಿದಂತೆ. ಗುಮಾಸ್ತರು ಕಿವಿಗೆ ಬಿದ್ದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಅಲ್ಲಿ ಟಕಾರ ತಕಾರಗಳಿಗೆ, ಳಕಾರ ಲಕಾರಗಳಿಗೆ ಭೇದವಿಲ್ಲ. ಒಂದೇ ಹೆಸರನ್ನು ನಾಲ್ಕಾರು ಬಗೆಯಲ್ಲಿ ಹುಡುಕಬೇಕು. ಒಂದು ಕುಟುಂಬದವರ ಸಂಖ್ಯೆಗಳು ಸಾಮಾನ್ಯವಾಗಿ ಒಟ್ಟೊಟ್ಟಿಗೆ ಇರುವುದರಿಂದ ಮೇಲಿನ ಕೆಳಗಿನ ಸಾಲುಗಳನ್ನೂ ಓದಬೇಕು. ಹೆಸರೊಂದು ಹೊಂದಿದರೆ ಸಾಲದು. ತಂದೆಯ ಹೆಸರು, ವಯಸ್ಸು, ತಾಲ್ಲೂಕು ಇವೂ ಹೊಂದಬೇಕು. ಸ್ವಂತ ಹಣದಿಂದ ಟಿಕೆಟು ಕೊಂಡು ಹೋದ ವ್ಯಾಪಾರಿಗಳು ಈ ಪಟ್ಟಿಗಳಲ್ಲಿ ದೊರೆಯುವುದಿಲ್ಲ. ಇನ್ನು ಜಾತಿಯ ಅಂಕಣ. ಅದು ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಬರೆದುಕೊಂಡದ್ದು ಮಾತ್ರ. ಅದನ್ನು ಕಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು.

ಊರಿನಲ್ಲೇ ಉಳಿದ ನಮಗೂ ಇಲ್ಲಿ ಒಂದು ಕರ್ತವ್ಯವಿದೆ. ‘ಒಬ್ಬ ದೇಶಾಂತರ ಹೋದ, ಮತ್ತೆ ಬರಲಿಲ್ಲ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಆತನ ಹೆಸರೇನು, ತಂದೆ ಯಾರು, ಹೋದದ್ದು ಯಾವ ಬರಗಾಲದಲ್ಲಿ ಎಂಬುದನ್ನು ಮನೆಯ ಹಿರಿಯರಿಂದಲೂ, ಹೆಳವರು ಬಂದಾಗ ಅವರಿಂದಲೂ ಕೇಳಿ ಬರೆದಿಡೋಣ. ಒಂದು ದಿನ ದೂರದೇಶದ ಮೊಮ್ಮಗಳೊಬ್ಬಳು ಕೈಯಲ್ಲೊಂದು ಹಾಳೆ ಹಿಡಿದು ಬಂದರೆ, ‘ಹೌದಮ್ಮಾ, ಇದು ನಮ್ಮ ಮನೆಯ ಹೆಸರೇ’ ಎನ್ನುವವರು ಯಾರಾದರೂ ಇರಬೇಕು.