ತಂತಿ ಕಳಚಿದ ನಿಯಂತ್ರಕ: ಸ್ಲಾಟ್ ಕಾರ್ ಆಟಿಕೆಯಲ್ಲಿ ವೆಚ್ಚದ ಸ್ಥಳಾಂತರ

ಸ್ಲಾಟ್ ಕಾರ್ ಎಂಬ ಆಟಿಕೆ ನಮ್ಮ ವರ್ತಕರಲ್ಲಿ ಅನೇಕರಿಗೆ ಅಷ್ಟಾಗಿ ಪರಿಚಿತವಲ್ಲ. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಮೊದಲಾದ ದೇಶಗಳಲ್ಲಾದರೋ ಅಜ್ಜನಿಂದ ಮೊಮ್ಮಗನವರೆಗೆ ಮೂರು ತಲೆಮಾರುಗಳು ಒಂದೇ ಹಳಿಯ ಸುತ್ತ ಕುಳಿತು ಆಡಿದ ಆಟವಿದು. ಪ್ಲಾಸ್ಟಿಕ್ ಹಳಿಯ ನಡುವೆ ಒಂದು ಸೀಳು. ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ. ಪಟ್ಟಿಗಳಲ್ಲಿ ಸುಮಾರು 12ರಿಂದ 15 ವೋಲ್ಟಿನಷ್ಟು ವಿದ್ಯುತ್. ಕಾರಿನ ತಳದಲ್ಲಿರುವ ಮಾರ್ಗದರ್ಶಕ ಫಲಕವು ಸೀಳಿನಲ್ಲಿ ಜಾರುತ್ತದೆ, ಅದರ ಪಕ್ಕದ ಹೆಣೆದ ತಾಮ್ರದ ಕುಚ್ಚುಗಳು ಪಟ್ಟಿಗಳಿಂದ ವಿದ್ಯುತ್ತನ್ನು ಹೀರಿಕೊಳ್ಳುತ್ತವೆ. ಆಟಗಾರನ ಕೈಯಲ್ಲಿ ಪಿಸ್ತೂಲಿನ ಆಕಾರದ ಒಂದು ನಿಯಂತ್ರಕ. ಅದರ ಟ್ರಿಗರನ್ನು ಒತ್ತಿದಷ್ಟೂ ವೇಗ. ತಿರುವಿನಲ್ಲಿ ಕೈ ಸಡಿಲಿಸದಿದ್ದರೆ ಕಾರು ಹಳಿ ಬಿಟ್ಟು ನೆಲಕ್ಕೆ.

ಈ ನಿಯಂತ್ರಕವನ್ನು ಹಳಿಗೆ ಜೋಡಿಸುತ್ತಿದ್ದ ಒಂದೆರಡು ಮೀಟರ್ ಉದ್ದದ ತಂತಿಯನ್ನು ತೆಗೆದುಹಾಕುವ ಪ್ರಯತ್ನವೇ ಪ್ರಸ್ತುತ ಲೇಖನದ ವಸ್ತು. ಮೇಲ್ನೋಟಕ್ಕೆ ಇದು ಸಣ್ಣ ಸುಧಾರಣೆ. ಆದರೆ ಒಂದು ಉತ್ಪನ್ನದಿಂದ ಒಂದು ಬಿಡಿಭಾಗವನ್ನು ಕಿತ್ತಾಗ ಅದರ ವೆಚ್ಚವು ಎಲ್ಲಿಗೆ ಸರಿಯುತ್ತದೆ, ಯಾರ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ. ವಿದ್ಯುನ್ಮಾನ ಬಿಡಿಭಾಗಗಳನ್ನು ತಯಾರಿಸುವ ಅಥವಾ ಆಮದು ಮಾಡಿಕೊಳ್ಳುವ ಸಣ್ಣ ಉದ್ಯಮಿಗಳು ಇದನ್ನು ಗಮನಿಸುವುದು ಸೂಕ್ತ.

ಹಿನ್ನೆಲೆ

ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬ ಉದ್ಯಮಿ ತಮ್ಮ ಮಿನಿಮಾಡೆಲ್ಸ್ ಸಂಸ್ಥೆಯ ಮೂಲಕ 1952ರಲ್ಲಿ ಸ್ಕೇಲೆಕ್ಸ್ ಎಂಬ ಕೀಲಿ ಕೊಡುವ ಕಾರುಗಳನ್ನು ಮಾರುಕಟ್ಟೆಗೆ ತಂದರು. ಕೀಲಿ ಕಾರಿನ ಆಕರ್ಷಣೆ ಬೇಗನೆ ತಗ್ಗಿತು. ಅದೇ ಕಾರಿಗೆ ವಿದ್ಯುತ್ ಮೋಟಾರು ಅಳವಡಿಸಿ, ಹಳಿಯನ್ನು ಸೇರಿಸಿ, 1957ರ ಜನವರಿಯಲ್ಲಿ ಹ್ಯಾರೋಗೇಟ್ ಆಟಿಕೆ ಮೇಳದಲ್ಲಿ ಪ್ರದರ್ಶಿಸಿದಾಗ ಸ್ಕೇಲೆಕ್ಸ್‌ಟ್ರಿಕ್ ಜನ್ಮತಾಳಿತು. ಬೇಡಿಕೆ ತಮ್ಮ ಕಾರ್ಖಾನೆಯ ಶಕ್ತಿಯನ್ನು ಮೀರಿದ್ದರಿಂದ ಮರುವರ್ಷವೇ ಫ್ರಾನ್ಸಿಸ್ ತಮ್ಮ ಸಂಸ್ಥೆಯನ್ನು ಲೈನ್ಸ್ ಬ್ರದರ್ಸ್ ಸಮೂಹಕ್ಕೆ ಮಾರಿದರು. ಆ ಬೃಹತ್ ಸಮೂಹ 1971ರಲ್ಲಿ ಕುಸಿಯಿತು. ಸ್ಕೇಲೆಕ್ಸ್‌ಟ್ರಿಕ್ ಉಳಿದುಕೊಂಡು ಮುಂದೆ ದಶಕಗಳ ಕಾಲ ಹಾರ್ನ್‌ಬಿ ಹೆಸರಿನೊಡನೆ ಬೆಳೆಯಿತು. ಜರ್ಮನಿಯ ಫ್ಯೂರ್ತ್ ನಗರದಲ್ಲಿ 1963ರಲ್ಲಿ ಆರಂಭವಾದ ಕರೇರಾ ಇದರ ಪ್ರಮುಖ ಪ್ರತಿಸ್ಪರ್ಧಿ. ಅದರ ಮೂಲ ಸಂಸ್ಥೆಯೂ 1985ರಲ್ಲಿ ದಿವಾಳಿಯಾಯಿತು. ಮುದ್ರೆ ಮಾತ್ರ ಕೈ ಬದಲಾಯಿಸಿ ಉಳಿಯಿತು. ಆಟಿಕೆ ಉದ್ಯಮದಲ್ಲಿ ಹೆಸರಿನ ಆಯುಷ್ಯವು ಕಂಪನಿಯ ಆಯುಷ್ಯಕ್ಕಿಂತ ದೀರ್ಘ.

2004ರ ಸುಮಾರಿಗೆ ಡಿಜಿಟಲ್ ಪದ್ಧತಿ ಬಂದಿತು. ಅಲ್ಲಿಯವರೆಗೆ ಒಂದು ಸೀಳಿಗೆ ಒಂದೇ ಕಾರು, ಅಂದರೆ ಸಾಮಾನ್ಯ ಮನೆಯ ಹಳಿಯಲ್ಲಿ ಇಬ್ಬರು ಆಟಗಾರರು. ಡಿಜಿಟಲ್ ಹಳಿಯಲ್ಲಿ ಪ್ರತಿ ಕಾರಿಗೂ ಪ್ರತ್ಯೇಕ ಸಂಖ್ಯೆ ಇರುವುದರಿಂದ ಆರು ಕಾರುಗಳವರೆಗೆ ಒಟ್ಟಿಗೆ ಓಡಬಲ್ಲವು, ಪಥವನ್ನೂ ಬದಲಿಸಬಲ್ಲವು. ಆರು ಕಾರು ಎಂದರೆ ಆರು ನಿಯಂತ್ರಕ, ಆರು ತಂತಿ, ಎಲ್ಲವೂ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದವು. ಆರು ಮಂದಿ ಒಂದು ಮೂಲೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ದೂರದ ತಿರುವಿನಲ್ಲಿ ಕಾರು ಹಳಿ ತಪ್ಪಿದರೆ ನಿಯಂತ್ರಕವನ್ನು ಕೆಳಗಿಟ್ಟು, ತಂತಿಗಳನ್ನು ದಾಟಿಕೊಂಡು ಹೋಗಬೇಕು. ತಂತಿ ಬೇಡವೆಂಬ ಬೇಡಿಕೆ ಹುಟ್ಟಿದ್ದು ಇಲ್ಲಿಯೇ ವಿನಾ ಪ್ರಚಾರ ವಿಭಾಗದ ಕೊಠಡಿಯಲ್ಲಲ್ಲ ಎಂಬುದನ್ನು ಒಪ್ಪಬೇಕು.

ತಂತಿಯು ಮಾಡುತ್ತಿದ್ದ ಕೆಲಸಗಳು

ಹಳೆಯ ಪದ್ಧತಿಯ ನಿಯಂತ್ರಕವೆಂದರೆ ಒಂದು ನಿರೋಧಕ ಸುರುಳಿ ಮತ್ತು ಅದರ ಮೇಲೆ ಸರಿಯುವ ಒಂದು ಸಂಪರ್ಕ ಕಡ್ಡಿ. ಅದು ಮೋಟಾರಿನೊಡನೆ ಸರಣಿಯಲ್ಲಿ ಕುಳಿತು ವಿದ್ಯುತ್ ಪ್ರವಾಹವನ್ನು ತಗ್ಗಿಸುತ್ತಿತ್ತು ಅಥವಾ ಹೆಚ್ಚಿಸುತ್ತಿತ್ತು. ಅದಕ್ಕೆ ಬ್ಯಾಟರಿ ಬೇಡ, ಚಾರ್ಜಿಂಗ್ ಬೇಡ, ಯಾವ ನಿಯಂತ್ರಕ ಯಾವ ಪಥಕ್ಕೆ ಸೇರಿದ್ದೆಂದು ಕಲಿಸುವ ಅಗತ್ಯವೂ ಇರಲಿಲ್ಲ. ಯಾವ ರಂಧ್ರಕ್ಕೆ ಸಿಕ್ಕಿಸಿದೆಯೋ ಆ ಪಥ. ವಿಳಂಬ ಎಂಬುದೇ ಇಲ್ಲ. ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಬೆಸುಗೆ ಹಾಕಿದರೆ ಸರಿಹೋಗುತ್ತಿತ್ತು.

ಇದಲ್ಲದೆ ಬ್ರೇಕ್ ಎಂಬ ಇನ್ನೊಂದು ಕೆಲಸವೂ ಇತ್ತು. ಉತ್ತಮ ನಿಯಂತ್ರಕಗಳಲ್ಲಿ ಎರಡಲ್ಲ, ಮೂರು ತಂತಿಗಳಿರುತ್ತವೆ. ಟ್ರಿಗರನ್ನು ಪೂರ್ಣವಾಗಿ ಬಿಟ್ಟಾಗ ಮೂರನೆಯ ತಂತಿಯು ಮೋಟಾರಿನ ಎರಡೂ ತುದಿಗಳನ್ನು ಪರಸ್ಪರ ಜೋಡಿಸುತ್ತದೆ. ತಿರುಗುತ್ತಿರುವ ಮೋಟಾರು ಆ ಕ್ಷಣಕ್ಕೆ ಜನರೇಟರಾಗಿ ಮಾರ್ಪಟ್ಟು, ತಾನೇ ಉತ್ಪಾದಿಸಿದ ವಿದ್ಯುತ್ತಿನಿಂದ ತನ್ನನ್ನೇ ತಡೆದುಕೊಳ್ಳುತ್ತದೆ. ಈ ತಡೆ ಇಲ್ಲದಿದ್ದರೆ ಕಾರು ಜಡತ್ವದಿಂದ ಮುಂದಕ್ಕೆ ತೇಲಿಹೋಗುತ್ತದೆ. ಅನುಭವಿ ಆಟಗಾರನು ತಿರುವಿನ ಮುನ್ನ ಎಷ್ಟು ತಡವಾಗಿ ಟ್ರಿಗರ್ ಬಿಡಬಲ್ಲನೆಂಬುದೇ ಅವನ ಕೌಶಲ. ಆದ್ದರಿಂದ ಬ್ರೇಕ್ ಮಂದವಾದರೆ ಆಟವೇ ಮಂದವಾಗುತ್ತದೆ.

ನಿಸ್ತಂತು ನಿಯಂತ್ರಕವು ಈ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾಗಿ ಬೆಲೆ ತೆರಬೇಕು. ಶಕ್ತಿಗೆ ಬ್ಯಾಟರಿ. ಸಂದೇಶಕ್ಕೆ ರೇಡಿಯೊ ಚಿಪ್, ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. ಗುರುತಿಗೆ ಜೋಡಣೆಯ ವಿಧಾನ, ಅದನ್ನು ವಿವರಿಸುವ ಕೈಪಿಡಿ. ಬ್ರೇಕಿಗೆ ಹಳಿಯ ತುದಿಯ ಪೆಟ್ಟಿಗೆಯಲ್ಲಿ ಅಥವಾ ಕಾರಿನೊಳಗೆ ಹೆಚ್ಚುವರಿ ವ್ಯವಸ್ಥೆ. ಹಿಂದೆ ಕೆಲವು ಆಟಿಕೆಗಳಲ್ಲಿ ಬಳಸಿದ ಅವಗೆಂಪು ಕಿರಣದ ನಿಯಂತ್ರಕಗಳು ಅಗ್ಗವಾಗಿದ್ದವು, ನಿಜ. ಆದರೆ ಟಿವಿ ರಿಮೋಟಿನಂತೆ ಅವಕ್ಕೆ ನೇರ ನೋಟ ಬೇಕು. ಆಟಗಾರರ ನಡುವೆ ಒಬ್ಬರು ಹಾದುಹೋದರೆ ಕಾರು ನಿಂತಿತು.

ರೇಡಿಯೊ ಪದ್ಧತಿಯಲ್ಲೂ ಎರಡು ಬಗೆಗಳಿವೆ. ಕರೇರಾದ ವೈರ್‌ಲೆಸ್ ಪ್ಲಸ್ ಹಾಗೂ ಸ್ಕೇಲೆಕ್ಸ್‌ಟ್ರಿಕ್‌ನ ಆರ್ಕ್ ಸರಣಿಯಲ್ಲಿ ನಿಯಂತ್ರಕವು ಹಳಿಯ ಮೂಲಪೆಟ್ಟಿಗೆಯೊಡನೆ ಮಾತಾಡುತ್ತದೆ. ಅಲ್ಲಿಂದ ಮುಂದೆ ಆಜ್ಞೆಯು ಹಳಿಯ ಲೋಹದ ಪಟ್ಟಿಯ ಮೂಲಕವೇ ಸಾಗುತ್ತದೆ. ಇಟಲಿಯ ಸ್ಲಾಟ್.ಇಟ್ ಸಂಸ್ಥೆಯ ಆಕ್ಸಿಜನ್ ಪದ್ಧತಿಯಲ್ಲಾದರೆ ಕಾರಿನೊಳಗೇ ರೇಡಿಯೊ ಇದೆ. ಹಳಿಯು ಕೇವಲ ವಿದ್ಯುತ್ ಪೂರೈಸುತ್ತದೆ. ಎರಡನೆಯದು ತಾಂತ್ರಿಕವಾಗಿ ಶುದ್ಧ. ಆದರೆ ಪ್ರತಿ ಕಾರಿಗೂ ರೇಡಿಯೊ ಖರೀದಿಸಬೇಕಾದ್ದರಿಂದ ಅದು ಮಕ್ಕಳ ಕೋಣೆಗಿಂತ ಗಂಭೀರ ಹವ್ಯಾಸಿಗಳ ನೆಲಮಾಳಿಗೆಗೇ ಹೆಚ್ಚು ಒಪ್ಪುವಂಥದ್ದು.

ಮನೆಯಲ್ಲಿ ಪರೀಕ್ಷೆ

ಅಂಗಡಿಯ ಮೇಜಿನ ಮೇಲೆ ಎಲ್ಲ ನಿಸ್ತಂತು ನಿಯಂತ್ರಕಗಳೂ ಸೊಗಸಾಗಿಯೇ ಕೆಲಸಮಾಡುತ್ತವೆ. ಹೊಸ ಬ್ಯಾಟರಿ, ಒಂದೇ ಕಾರು, ಎರಡು ಹೆಜ್ಜೆ ದೂರ. ಮನೆಯ ಸ್ಥಿತಿ ಬೇರೆ. ತಿಳಿದ ಹವ್ಯಾಸಿಗಳು ಪರೀಕ್ಷೆಯನ್ನು ತಂತಿಯ ನಿಯಂತ್ರಕದಿಂದಲೇ ಆರಂಭಿಸುತ್ತಾರೆ. ಅದೇ ಕಾರು, ಅದೇ ಹಳಿ, ಅದೇ ಪಥದಲ್ಲಿ ಇಪ್ಪತ್ತು ಸುತ್ತು ಓಡಿಸಿ ಕಾಲವನ್ನು ಬರೆದಿಟ್ಟುಕೊಂಡ ನಂತರವೇ ನಿಸ್ತಂತು ನಿಯಂತ್ರಕವನ್ನು ಕೈಗೆತ್ತಿಕೊಳ್ಳುತ್ತಾರೆ. ಅತಿ ವೇಗದ ಒಂದು ಸುತ್ತಿನ ಕಾಲ ಇಲ್ಲಿ ಮುಖ್ಯವಲ್ಲ. ಸುತ್ತಿನಿಂದ ಸುತ್ತಿಗೆ ಕಂಡುಬರುವ ವ್ಯತ್ಯಾಸ ಮುಖ್ಯ. ವಿಳಂಬವಿದ್ದರೆ ಅದು ಹಳಿ ತಪ್ಪಿದ ಸಂಖ್ಯೆಯಲ್ಲಿ ಪ್ರಕಟವಾಗುತ್ತದೆ.

ವಿಳಂಬದ ಲೆಕ್ಕ ಸರಳ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಸಾಗುವ ಕಾರಿಗೆ ಆಜ್ಞೆಯು 50 ಮಿಲಿಸೆಕೆಂಡು ತಡವಾಗಿ ತಲುಪಿತೆಂದು ಭಾವಿಸಿದರೆ, ಅಷ್ಟರಲ್ಲಿ ಕಾರು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1:32 ಪ್ರಮಾಣದ ಕಾರಿನ ಉದ್ದವೇ ಅದಕ್ಕಿಂತ ಕಡಿಮೆ. ವಿಳಂಬವು ಪ್ರತಿ ಬಾರಿಯೂ ಒಂದೇ ಸಮನಾಗಿದ್ದರೆ ಕೈ ಕೆಲವೇ ನಿಮಿಷಗಳಲ್ಲಿ ಹೊಂದಿಕೊಳ್ಳುತ್ತದೆ. ಒಮ್ಮೆ ಹತ್ತು, ಒಮ್ಮೆ ಅರುವತ್ತು ಎಂದಾದರೆ ಯಾವ ಕೈಯೂ ಹೊಂದಿಕೊಳ್ಳದು. ಹೀಗಾಗಿ ಸರಾಸರಿ ವಿಳಂಬವನ್ನು ಮಾತ್ರ ಹೇಳುವ ಜಾಹೀರಾತಿನಿಂದ ಗ್ರಾಹಕನಿಗೆ ಪ್ರಯೋಜನವಿಲ್ಲ.

ಟ್ರಿಗರಿನ ಸೂಕ್ಷ್ಮತೆಯೂ ಪರೀಕ್ಷಿಸಬೇಕಾದ ಸಂಗತಿಯೇ. ನಿರೋಧಕ ಸುರುಳಿಯಲ್ಲಿ ವೇಗ ಬಹುತೇಕ ಅಖಂಡವಾಗಿ ಏರುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ಸ್ಕೇಲೆಕ್ಸ್‌ಟ್ರಿಕ್ ಡಿಜಿಟಲ್ ಸಂಕೇತದಲ್ಲಿ ವೇಗಕ್ಕೆ 64 ಮಟ್ಟಗಳಿದ್ದರೆ ಕರೇರಾದಲ್ಲಿ 16. ಮಕ್ಕಳಿಗೆ ಈ ಭೇದ ತಿಳಿಯದೆ ಇರಬಹುದು, ಹಳೆಯ ಕೈಗಳಿಗೆ ತಿಳಿಯುತ್ತದೆ. ಇದು ತಂತಿ ತೆಗೆದುದರ ಫಲವಲ್ಲದಿದ್ದರೂ ದೂರು ಮಾತ್ರ ನಿಸ್ತಂತು ನಿಯಂತ್ರಕದ ತಲೆಗೇ ಬರುತ್ತದೆ.

ನಂತರ ಅಡಚಣೆಗಳ ಪರೀಕ್ಷೆ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ವೈ-ಫೈ, ಬ್ಲೂಟೂತ್ ಎರಡೂ ಹಂಚಿಕೊಂಡಿವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯ 2.45 ಗಿಗಾಹರ್ಟ್ಸ್ ತರಂಗವೂ ಅದೇ ನೆರೆಯದು. ಒಲೆಯನ್ನು ಹಚ್ಚಿ, ಮನೆಯವರೆಲ್ಲರ ಮೊಬೈಲುಗಳಲ್ಲಿ ಚಿತ್ರ ಓಡಿಸಿ, ಆರೂ ನಿಯಂತ್ರಕಗಳನ್ನು ಒಟ್ಟಿಗೆ ಬಳಸಿ ನೋಡಬೇಕು. ಒಂದು ತರಂಗದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುವ ಉತ್ತಮ ಚಿಪ್‌ಗಳು ಇದನ್ನು ಸಹಿಸುತ್ತವೆ. ಒಂದೇ ತರಂಗದಲ್ಲಿ ಕುಳಿತಿರುವ ಅಗ್ಗದ ವಿನ್ಯಾಸಗಳು ಸಂಜೆಯ ಹೊತ್ತಿಗೆ, ನೆರೆಮನೆಗಳ ವೈ-ಫೈ ಎಲ್ಲ ಎಚ್ಚರವಾದಾಗ, ತೊದಲುವ ಸಂಭವ ಹೆಚ್ಚು.

ಅತ್ಯಂತ ಮುಖ್ಯವಾದದ್ದು ಸುರಕ್ಷತೆಯ ಪರೀಕ್ಷೆ. ಟ್ರಿಗರನ್ನು ಅರ್ಧ ಒತ್ತಿಹಿಡಿದಿರುವಾಗಲೇ ಬ್ಯಾಟರಿಯನ್ನು ಹೊರತೆಗೆಯಬೇಕು. ಸಂಕೇತ ನಿಂತ ಕೂಡಲೇ ಕಾರು ನಿಲ್ಲಬೇಕು. ಕೊನೆಯ ಆಜ್ಞೆಯನ್ನೇ ನೆನಪಿಟ್ಟುಕೊಂಡು ಓಡುತ್ತಲೇ ಇದ್ದರೆ ಅಂಥ ನಿಯಂತ್ರಕವನ್ನು ಎಷ್ಟೇ ರಿಯಾಯಿತಿ ದರದಲ್ಲಿ ಸಿಕ್ಕರೂ ದಾಸ್ತಾನು ಮಾಡಬಾರದು.

ಇಷ್ಟೆಲ್ಲವನ್ನೂ ಗೆದ್ದ ನಿಯಂತ್ರಕದಿಂದ ದೊರೆಯುವ ಲಾಭ ಕಡಿಮೆಯೇನಲ್ಲ. ಆಟಗಾರನು ತನಗೆ ಕಷ್ಟವಾದ ತಿರುವಿನ ಬಳಿಯೇ ಹೋಗಿ ನಿಲ್ಲಬಹುದು. ಬಿದ್ದ ಕಾರನ್ನು ತಾನೇ ಎತ್ತಿಡಬಹುದು. ಗಾಲಿಕುರ್ಚಿಯಲ್ಲಿರುವವರು ಹಳಿಯ ಯಾವ ಬದಿಯಿಂದಲಾದರೂ ಆಡಬಹುದು. ತಂತಿ ಎಳೆದು ಮೂಲಪೆಟ್ಟಿಗೆಯೇ ಮೇಜಿನಿಂದ ಬೀಳುವ ಅನಾಹುತವೂ ತಪ್ಪುತ್ತದೆ.

ಲೆಕ್ಕಪುಸ್ತಕದ ದೃಷ್ಟಿ

ಒಂದು ನಿಯಂತ್ರಕವು ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ ಒಂದು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ತಯಾರಕನಿಗೆ ಇದು ಹೆಮ್ಮೆಯ ಅಂಕಿ. ಆದರೆ ಆರು ನಿಯಂತ್ರಕಗಳಿರುವ ಮನೆಯಲ್ಲಿ ಒಂದಾದರೂ ಕೆಡುವ ಸಂಭವ ನೂರಕ್ಕೆ ಸುಮಾರು ಆರು. ಗ್ರಾಹಕನು ಅಂಗಡಿಗೆ ಹಿಂದಿರುಗುವುದು ಈ ಎರಡನೆಯ ಅಂಕಿಯ ಪ್ರಕಾರ. ಹಾಗೆ ಬಂದವರಲ್ಲಿ ಬ್ಯಾಟರಿ ಇಳಿದದ್ದು ಎಷ್ಟು, ಜೋಡಣೆ ಮರೆತದ್ದು ಎಷ್ಟು, ನಿಜವಾಗಿ ಕೆಟ್ಟದ್ದು ಎಷ್ಟು ಎಂದು ವಿಂಗಡಿಸುವ ಶ್ರಮವೂ ವರ್ತಕನ ಪಾಲಿಗೇ ಬೀಳುತ್ತದೆ. ತಂತಿಯ ಕಾಲದಲ್ಲಿ ತಯಾರಿಕಾ ವೆಚ್ಚವಾಗಿದ್ದ ತಾಮ್ರವು ಈಗ ಮಾರಾಟೋತ್ತರ ಸೇವಾ ವೆಚ್ಚವಾಗಿ ಮಾರ್ಪಟ್ಟಿದೆ. ಬೆಲೆ ನಿಗದಿ ಮಾಡುವಾಗ ಅನೇಕರು ಮೊದಲನೆಯದನ್ನು ಕಳೆಯುತ್ತಾರೆ, ಎರಡನೆಯದನ್ನು ಕೂಡಿಸಲು ಮರೆಯುತ್ತಾರೆ.

ಇಂಥ ಖಾತರಿ ವೆಚ್ಚಕ್ಕೆ ಮಾರಾಟದ ವರ್ಷದಲ್ಲೇ ಅವಕಾಶ ಕಲ್ಪಿಸಬೇಕೆಂದು ಲೆಕ್ಕಪತ್ರ ಮಾನದಂಡ 29 ಹೇಳುತ್ತದೆ. ಆದಾಯ ತೆರಿಗೆಯ ದೃಷ್ಟಿಯಿಂದ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನೀಡಿದ ತೀರ್ಪು ಗಮನಾರ್ಹ. ಹಿಂದಿನ ವರ್ಷಗಳ ಅನುಭವದ ಆಧಾರದ ಮೇಲೆ, ವಿಶ್ವಾಸಾರ್ಹವಾಗಿ ಅಂದಾಜಿಸಿದ ಖಾತರಿ ಮೊತ್ತವನ್ನು ವೆಚ್ಚವಾಗಿ ಕಳೆಯಲು ಅದು ಸಮ್ಮತಿಸಿತು. ಹಿಂದಿರುಗಿದ ಸರಕಿನ ದಾಖಲೆಯನ್ನೇ ಇಡದ ವ್ಯಾಪಾರಿಗೆ ಈ ತೀರ್ಪು ಉಪಯೋಗಕ್ಕೆ ಬಾರದು. ಆಟಿಕೆ ವ್ಯಾಪಾರದಲ್ಲಿ ಕೆಟ್ಟ ಸರಕನ್ನು ಮೌನವಾಗಿ ಬದಲಿಸಿಕೊಟ್ಟು ಮರೆತುಬಿಡುವ ರೂಢಿ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಆಮದು ಮಾಡಿಕೊಳ್ಳುವವರಿಗೆ ತಂತಿಯ ನಿಯಂತ್ರಕಕ್ಕಿಲ್ಲದ ಇನ್ನೂ ಕೆಲವು ಬಾಧ್ಯತೆಗಳಿವೆ. 2.4 ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿ ಉಪಕರಣಗಳಿಗೆ ಕೇಂದ್ರ ಸರ್ಕಾರವು 2005ರ ಜನವರಿಯ ಅಧಿಸೂಚನೆಯ ಮೂಲಕ ಪರವಾನಗಿಯಿಂದ ವಿನಾಯಿತಿ ನೀಡಿತು. ಆದರೆ ಪರವಾನಗಿಯಿಂದ ವಿನಾಯಿತಿ ಎಂದರೆ ಅನುಮೋದನೆಯಿಂದಲೂ ವಿನಾಯಿತಿ ಎಂದರ್ಥವಲ್ಲ. ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದಿಂದ ಉಪಕರಣದ ಮಾದರಿಗೆ ಅನುಮೋದನೆ ಪಡೆಯಬೇಕು. ಲಿಥಿಯಂ ಬ್ಯಾಟರಿಯುಳ್ಳ ಸರಕನ್ನು ವಿಮಾನದಲ್ಲಿ ತರಿಸುವುದಾದರೆ ವಿಶ್ವಸಂಸ್ಥೆಯ 38.3 ಪರೀಕ್ಷಾ ವರದಿಯನ್ನು ಪೂರೈಕೆದಾರನಿಂದ ಮೊದಲೇ ಕೇಳಿ ಪಡೆಯತಕ್ಕದ್ದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಆಮದುದಾರರನ್ನೂ ಉತ್ಪಾದಕರ ಸಾಲಿಗೇ ಸೇರಿಸುತ್ತವೆ.

14 ವರ್ಷದೊಳಗಿನ ಮಕ್ಕಳ ಆಟಿಕೆಯೆಂದು ಪರಿಗಣಿತವಾದರೆ, 2021ರ ಜನವರಿ 1ರಿಂದ ಜಾರಿಗೆ ಬಂದ ಗುಣಮಟ್ಟ ನಿಯಂತ್ರಣ ಆದೇಶದಂತೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಅನ್ವಯ. ಸುಂಕದ ವಿಷಯದಲ್ಲಿ ವರ್ಗೀಕರಣದ ಪ್ರಶ್ನೆಯೂ ಏಳುತ್ತದೆ. ಐರೋಪ್ಯ ಒಕ್ಕೂಟದ ಸುಂಕಪಟ್ಟಿಯಲ್ಲಿ ಸ್ಪರ್ಧಾತ್ಮಕ ಸ್ವರೂಪದ ವಿದ್ಯುತ್ ಕಾರು ಓಟದ ಸೆಟ್ಟುಗಳಿಗೆ ಆಟಿಕೆಗಳ 9503ರಲ್ಲಲ್ಲ, 9504ರ ಶೀರ್ಷಿಕೆಯಡಿ ಪ್ರತ್ಯೇಕ ಸಂಖ್ಯೆಯೇ ಇದೆ. ನಮ್ಮಲ್ಲಿ 9503ರ ಆಟಿಕೆಗಳ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಆದ್ದರಿಂದ ಪೂರ್ಣ ಸೆಟ್ಟು, ಬಿಡಿ ನಿಯಂತ್ರಕ, ಬಿಡಿ ಕಾರು ಇವುಗಳನ್ನು ಒಂದೇ ಬಿಲ್ಲಿನಲ್ಲಿ ಒಂದೇ ಸಂಖ್ಯೆಯಡಿ ತರಿಸುವ ಮುನ್ನ ಸುಂಕ ಸಲಹೆಗಾರರಿಂದ ಲಿಖಿತ ಅಭಿಪ್ರಾಯವನ್ನು ಪಡೆದು, ಮಾದರಿ ಅನುಮೋದನೆಯ ಪ್ರತಿಯೊಡನೆ ಕಡತದಲ್ಲಿ ಇಟ್ಟುಕೊಳ್ಳುವುದು ಕ್ಷೇಮಕರ.